ಹಚ್ಚುವಾಗ ಎಣಿಸಿದ ಗಿಡ, ಕಡಿಯುವಾಗ ಯಾರದ್ದು?

ಹಾವೇರಿ ಜಿಲ್ಲೆಯ ನಮ್ಮ ಹೊಲದ ಬದುವಿನ ಮೇಲೆ ಮೂವತ್ತೆರಡು ಸಾಗವಾನಿ ಮರಗಳಿವೆ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅಪ್ಪ ಹಚ್ಚಿದ್ದು. ಸಾಲಿಯಿಂದ ಬಂದ ಮೇಲೆ ಕೊಡದಲ್ಲಿ ನೀರು ಹೊತ್ತು ಹಾಕಿದ ಲೆಕ್ಕದಲ್ಲಿ ಅವು ನನ್ನವೂ ಹೌದು. ಎಂ.ಟೆಕ್ ಮುಗಿಸಿ ಪುಣೆಗೆ ಬಂದು ಹನ್ನೊಂದು ವರ್ಷವಾಯಿತು, ಆದರೂ ಊರಿಗೆ ಹೋದಾಗ ಮೊದಲು ನೋಡುವುದು ಆ ಸಾಲನ್ನೇ.

ಎರಡು ವರ್ಷದ ಹಿಂದೆ ಅವ್ವನ ಮೊಣಕಾಲಿನ ಆಪರೇಷನ್ ಮಾಡಿಸಬೇಕಾಯಿತು. ರೊಕ್ಕ ನಾನು ಕೊಡುತ್ತೇನೆ ಎಂದೆ. ಅಪ್ಪ ಒಪ್ಪಲಿಲ್ಲ. "ತಮ್ಮಾ, ಗಿಡ ಹಚ್ಚಿದ್ದು ಇಂಥಾದಕ್ಕ" ಎಂದು ಹನ್ನೆರಡು ಮರಕ್ಕೆ ಸುಣ್ಣದ ಗುರುತು ಹಾಕಿಬಿಟ್ಟ. ಮರುದಿನವೇ ಕಟ್ಟಿಗೆ ವ್ಯಾಪಾರಿ ಬಂದ. ಪರವಾನಗಿ ನಿಮ್ಮ ಕೈಯಲ್ಲಿದ್ದರೆ ಒಂದು ರೇಟು, "ಕಾಗದಪತ್ರ ನನಗ ಬಿಡ್ರಿ" ಅನ್ನುವುದಾದರೆ ಅದರ ಅರ್ಧಕ್ಕಿಂತ ತುಸು ಹೆಚ್ಚು. ಅಷ್ಟು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಓದಿದವನಿದ್ದೇನೆ, ಅರ್ಜಿ ನಾನೇ ಹಾಕುತ್ತೇನೆ ಎಂದೆ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸ್ವಂತ ಹೊಲದ ಮರವಾದರೂ ಕಡಿಯಬೇಕೆಂದರೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿಯಿದೆ, ಸಾಗವಾನಿಗೆ ಇಲ್ಲ. ಉತಾರ ಬೇಕು, ಸರ್ವೆ ನಕ್ಷೆ ಬೇಕು, ಮರ ನಿಂತಿರುವುದು ನಮ್ಮ ಹದ್ದಿನೊಳಗೇ ಎಂದು ಕಂದಾಯದವರು ಹೇಳಬೇಕು, ಅದರ ಮೇಲೆ ಸರಕಾರದ ಹಕ್ಕು ಇಲ್ಲವೆಂದೂ ಹೇಳಬೇಕು. ಆಮೇಲೆ ಅರಣ್ಯ ಸಿಬ್ಬಂದಿ ಬಂದು ಸುತ್ತಳತೆ ಅಳೆಯಬೇಕು. ಕಡಿದ ಮೇಲೆ ದಿಮ್ಮಿಗೆ ಸುತ್ತಿಗೆ ಗುರುತು, ಸಾಗಿಸಲು ಪಾಸು. ಕಚೇರಿಯಲ್ಲಿ ಯಾರೂ ನನ್ನನ್ನು ಕೆಟ್ಟದಾಗಿ ಮಾತನಾಡಿಸಲಿಲ್ಲ, ಯಾರೂ ಲಂಚ ಕೇಳಲಿಲ್ಲ. ಆದರೆ ಎರಡು ಬದುವಿನ ನಡುವಿನ ಹದ್ದು ಗುರುತಿಸಲು ಸರ್ವೆಯವರ ಸರದಿ ಬರಬೇಕಿತ್ತು. ಮೂರು ಸಲ ರಜೆ ಹಾಕಿ ರಾತ್ರಿ ಬಸ್ಸಿನಲ್ಲಿ ಹೋಗಿ ಬಂದೆ. ಐದು ತಿಂಗಳಾಯಿತು. ಮೊಣಕಾಲು ಅಲ್ಲಿಯವರೆಗೆ ಕಾಯುವುದಿಲ್ಲವಲ್ಲ, ಆಪರೇಷನ್ ನನ್ನ ಉಳಿತಾಯದಲ್ಲೇ ಆಯಿತು. ಅಪ್ಪ ಏನೂ ಅನ್ನಲಿಲ್ಲ. ಅನುಮತಿ ಬಂದಾಗ ಮಾತ್ರ, ಈಗ ಕಡಿಯೂದು ಬ್ಯಾಡ ಎಂದ.

ಇಷ್ಟೇ ಆಗಿದ್ದರೆ ಹಳೆಯ ಮರ, ಹಳೆಯ ದಾಖಲೆ ಎಂದು ಸುಮ್ಮನಾಗುತ್ತಿದ್ದೆ. ಆದರೆ 2019ರ ಮಳೆಗಾಲದಲ್ಲಿ ಇನ್ನೊಂದು ಬದುವಿಗೆ ಅಪ್ಪ 150 ಸಾಗವಾನಿ ಸಸಿ ಹಚ್ಚಿದ್ದ, ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ. 2011-12ರಲ್ಲಿ ಶುರುವಾದ ಈ ಯೋಜನೆ ನಿಜಕ್ಕೂ ಚೆನ್ನಾಗಿದೆ. ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ಸಿಗುತ್ತದೆ, ಹೆಕ್ಟೇರಿಗೆ 400ರವರೆಗೆ ಹಚ್ಚಬಹುದು. ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ ಪ್ರೋತ್ಸಾಹಧನ. ಹಚ್ಚಿದ್ದಕ್ಕಲ್ಲ, ಉಳಿಸಿದ್ದಕ್ಕೆ ರೊಕ್ಕ ಎನ್ನುವುದೇ ಇದರ ಜೀವಾಳ. ವನಮಹೋತ್ಸವದ ಫೋಟೊಗಿಂತ ಇದು ಎಷ್ಟೋ ಮೇಲು. ನಮ್ಮಲ್ಲಿ ಮೂರನೇ ವರ್ಷಕ್ಕೆ 101 ಉಳಿದವು, ಮೂರೂ ಕಂತು ಸೇರಿ ಅಪ್ಪನ ಖಾತೆಗೆ ಹದಿಮೂರು ಸಾವಿರ ಚಿಲ್ಲರೆ ಬಂತು. ಆ ಪಾಸ್‌ಬುಕ್ಕನ್ನು ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದ.

ಈಗ ನನ್ನ ಪ್ರಶ್ನೆ. ಈ ಹೊಲಕ್ಕೆ ಇಲಾಖೆಯವರು ಮೂರು ವರ್ಷ ಮೂರು ಸಲ ಬಂದು ಒಂದೊಂದೇ ಸಸಿ ಎಣಿಸಿದ್ದಾರೆ. ಯಾವ ಜಾತಿ, ಯಾರ ಹೊಲ, ಯಾವ ಸರ್ವೆ ನಂಬರ್ ಎಲ್ಲ ಬರೆದುಕೊಂಡಿದ್ದಾರೆ, ಅದರ ಆಧಾರದ ಮೇಲೆ ಸರಕಾರಿ ರೊಕ್ಕ ಸಂದಾಯವಾಗಿದೆ. ಮುಂದೆ ಇವನ್ನು ಕಡಿಯುವಾಗ ಆ ದಾಖಲೆ ಸಾಕಾಗುತ್ತದೆಯೇ ಎಂದು ಕೇಳಿದೆ. "ಅದು ಬ್ಯಾರೆ ಕಡತ ಸರ್, ಅವಾಗ ಮತ್ತ ಅರ್ಜಿ ಕೊಡಬೇಕು" ಎಂದರು. ರೊಕ್ಕ ಕೊಡಲು ನಂಬಿದ ಲೆಕ್ಕವನ್ನು ಅದೇ ಇಲಾಖೆ ಮಾಲೀಕತ್ವಕ್ಕೆ ಏಕೆ ನಂಬಬಾರದು? ಉತಾರದಲ್ಲಿ ಮರಗಳ ಹೆಸರು, ಸಂಖ್ಯೆ ಬರೆಯುವ ಕಾಲಂ ಇದೆ. ನಮ್ಮದರಲ್ಲಿ ಅದು ಇಂದಿಗೂ ಖಾಲಿ. ನಮ್ಮ ಕೆಲಸದಲ್ಲಿ ಒಂದೇ ಮಾಹಿತಿಯನ್ನು ಗ್ರಾಹಕನಿಂದ ಎರಡನೇ ಸಲ ಕೇಳಿದರೆ ಅದನ್ನು ದೋಷ ಎಂದು ಬರೆದುಕೊಂಡು ಸರಿಮಾಡುತ್ತೇವೆ.

ಪರವಾನಗಿಯೇ ಬೇಡ ಎನ್ನುವವನು ನಾನಲ್ಲ. ಕಾಡಿನ ದಿಮ್ಮಿಯನ್ನು ರೈತನ ಹೊಲದ್ದೆಂದು ತೋರಿಸಿ ಸಾಗಿಸುವ ದಂಧೆ ಇರುವುದರಿಂದಲೇ ಇಷ್ಟೆಲ್ಲ ತಪಾಸಣೆ ಬಂದಿದೆ, ಅಪ್ಪನೂ ಅದನ್ನು ಒಪ್ಪುತ್ತಾನೆ. ಆದರೆ ಹಚ್ಚಿದ ದಿನವೇ ನೋಂದಣಿಯಾದ ಮರ ಆ ದಂಧೆಗೆ ಅನುಕೂಲವಲ್ಲ, ಅಡ್ಡಿ. ಯಾವ ಹೊಲದಲ್ಲಿ ಎಷ್ಟು ಮರ, ಯಾವ ವರ್ಷದ್ದು ಎಂದು ಮೊದಲೇ ಗೊತ್ತಿದ್ದರೆ ಆರು ವರ್ಷದ ಬದುವಿನಿಂದ ಅರವತ್ತು ವರ್ಷದ ದಿಮ್ಮಿ ಹೊರಟಾಗ ಯಾರಿಗಾದರೂ ಅನುಮಾನ ಬಂದೇ ಬರುತ್ತದೆ.

ದಿಲ್ಲಿಯಲ್ಲಿ ಈ ದಿಕ್ಕಿನ ಕೆಲಸ ಆಗಿದೆ. 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿ ಬಂತು. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ಪಟ್ಟಿಯಿಂದ ಬಿಟ್ಟರು. 2023ರ ಕೊನೆಗೆ ದೇಶಕ್ಕೆಲ್ಲ ಒಂದೇ ಆನ್‌ಲೈನ್ ಸಾಗಣೆ ಪಾಸಿನ ವ್ಯವಸ್ಥೆ ಬಂತು, ಆದರೆ ಅದು ಕಡಿದ ಮೇಲಿನ ಮಾತು. 2025ರ ಜೂನ್‌ನಲ್ಲಿ ಕೇಂದ್ರ ಅರಣ್ಯ ಸಚಿವಾಲಯ ಹೊಲದ ಮರ ಕಡಿಯುವುದಕ್ಕೆ ಮಾದರಿ ನಿಯಮ ಹೊರಡಿಸಿತು. ರೈತ ತನ್ನ ನೆಡುತೋಪನ್ನು ಸ್ಥಳದ ಗುರುತಿನ ಸಮೇತ ಪೋರ್ಟಲ್‌ನಲ್ಲಿ ನೋಂದಾಯಿಸುವುದು, ಹತ್ತು ಮರದವರೆಗೆ ಫೋಟೊ ಹಾಕಿದರೆ ಸಾಕು, ಅದಕ್ಕಿಂತ ಹೆಚ್ಚಾದರೆ ಸ್ಥಳ ಪರಿಶೀಲನೆ. ನಾನು ಕೇಳುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಅದು ಮಾದರಿ ಮಾತ್ರ, ಜಾರಿ ಮಾಡಬೇಕಾದವರು ರಾಜ್ಯದವರು. ಕರ್ನಾಟಕಕ್ಕೆ ಸೊನ್ನೆಯಿಂದ ಶುರುಮಾಡುವ ಪ್ರಮೇಯವೂ ಇಲ್ಲ. ಪ್ರೋತ್ಸಾಹ ಯೋಜನೆಯ ಇಷ್ಟು ವರ್ಷಗಳ ಎಣಿಕೆಯನ್ನೇ ಮೊದಲ ನೋಂದಣಿ ಎಂದು ಒಪ್ಪಿಕೊಂಡು, ಮೂರನೇ ಕಂತಿನ ರೊಕ್ಕದ ಜೊತೆ ರೈತನಿಗೊಂದು ಮರದ ಪ್ರಮಾಣಪತ್ರ ಕೊಟ್ಟು, ಉತಾರದ ಆ ಖಾಲಿ ಕಾಲಂ ತುಂಬಿದರೆ ಅರ್ಧ ದಾರಿ ಸವೆದಂತೆ.

ಹೊರರಾಜ್ಯದಲ್ಲಿರುವ ನಮ್ಮಂಥವರಿಗೆ ಇದು ದೂರದ ವಿಷಯವಲ್ಲ. ಊರಲ್ಲಿ ಆಳು ಸಿಗುವುದಿಲ್ಲ, ಅಪ್ಪ ಅವ್ವನಿಗೆ ವಯಸ್ಸಾಯಿತು, ಹೊಲ ಬೀಳು ಬಿಡಲು ಮನಸ್ಸಿಲ್ಲ. ಆಗ ಹೊಳೆಯುವ ದಾರಿ ಮರವೇ. ಹಚ್ಚುವ ಮೊದಲು ಒಂದು ಕೆಲಸ ಮಾಡಿ. ಈ ಸಲ ಊರಿಗೆ ಹೋದಾಗ ಉತಾರ ತೆಗೆಸಿ ಮರದ ಕಾಲಂ ನೋಡಿ. ಖಾಲಿ ಇದ್ದರೆ ತುಂಬಿಸಲು ಈಗಲೇ ಬರೆದುಕೊಡಿ, ಹದ್ದಿನ ಸರ್ವೆಯನ್ನೂ ಈಗಲೇ ಮಾಡಿಸಿ. ಆಸ್ಪತ್ರೆ ಬಿಲ್ ಬಂದ ಮೇಲೆ ಅಲ್ಲ.

ಅಪ್ಪನಿಗೆ ಈ ಮಳೆಗಾಲ ಮತ್ತೆ ಸಸಿ ಕೊಡುತ್ತೇವೆಂದು ನರ್ಸರಿಯಿಂದ ಕರೆ ಬಂದಿತ್ತು. ಮೂರನೇ ಬದುವಿಗೆ ಏನು ಹಚ್ಚುತ್ತಿ ಎಂದು ಫೋನಿನಲ್ಲಿ ಕೇಳಿದೆ. "ಅಡಿಕಿ ಹಚ್ಚೂಣು ಅಂತ ಮಾಡೇನಿ. ಗೊನಿ ಇಳಸಾಕ ಯಾರ ಸಹಿನೂ ಬೇಕಾಗೂದಿಲ್ಲ" ಎಂದ. ನಮ್ಮ ಬೋರಿನಲ್ಲಿ ಅಡಿಕೆಗೆ ಸಾಲುವಷ್ಟು ನೀರಿಲ್ಲ ಎಂಬುದು ಅವನಿಗೂ ಗೊತ್ತು.