ಕನ್ನಡಿಯೂ ಇಲ್ಲ, ಕನ್ನಡವೂ ಇಲ್ಲ! ಹಾಗಾದರೆ ಯಾವ ಕ್ಯಾಮೆರಾ ಕೊಳ್ಳಬೇಕು?



ಕಳಸಾಪುರದಂಥ ಊರಲ್ಲಿ ಪ್ರೆಸ್ ಇಟ್ಟುಕೊಂಡವನ ಹತ್ತಿರ ಜನ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಪಾವತಿ ಪುಸ್ತಕ ಕೇಳಿಕೊಂಡು ಬರುವುದು ವಾಡಿಕೆ. ಈಚೆಗೆ ಹುಡುಗರು ಬೇರೆಯದೇ ಪ್ರಶ್ನೆ ಹೊತ್ತು ಬರುತ್ತಿದ್ದಾರೆ. "ಅಣ್ಣಾರ, ಕ್ಯಾನನ್ ತಗೊಳ್ಳೂದೋ, ನಿಕಾನ್ ತಗೊಳ್ಳೂದೋ?" ಇವರು ಹವ್ಯಾಸಕ್ಕೆ ಕೇಳುವವರಲ್ಲ. ಪಿಯುಸಿ ಮುಗಿಸಿ, ಕೆಲಸ ಸಿಗದೆ, ಲಗ್ನ, ಸೀಮಂತ, ಜಾತ್ರೆಗಳ ಫೋಟೋ ತೆಗೆದು ಬದುಕು ಕಟ್ಟಿಕೊಳ್ಳಲು ಹೊರಟವರು. ಕೈಯಲ್ಲಿರುವುದು ಹೆಸರು, ಉಳ್ಳಾಗಡ್ಡಿ ಮಾರಿದ ರೊಕ್ಕ, ಇಲ್ಲವೇ ತಾಯಿಯ ಬಂಗಾರ ಒತ್ತೆಯಿಟ್ಟು ತಂದ ರೊಕ್ಕ. ಅರ್ಧ ಲಕ್ಷ ದಾಟುವ ಸಾಮಾನು ಕೊಂಡ ಮೇಲೆ "ಇದು ನನ್ನ ಕೆಲಸಕ್ಕೆ ಆಗೂದಿಲ್ಲ" ಎಂದು ಗೊತ್ತಾದರೆ ಅವರಿಗೆ ಎರಡನೆಯ ಸಲ ಕೊಳ್ಳುವ ತಾಕತ್ತಿಲ್ಲ. ಹಾಗಾಗಿ ಅಂಗಡಿಯವನು ಹೇಳದೇ ಇರುವುದನ್ನು ನಾನು ಹೇಳುತ್ತೇನೆ. ಮುದ್ರಣ ಕಾಶಿ ಎನ್ನಿಸಿಕೊಂಡ ಗದಗಿನ ಮಗ್ಗುಲಲ್ಲಿ ಕೂತು ದಿನಾ ಫೋಟೋಗಳನ್ನು ಹಾಳೆಗೆ ಇಳಿಸುವವನಿಗೆ ಅಷ್ಟು ಹಕ್ಕು ಇದ್ದೇ ಇದೆ!

ಮೊದಲು ಈ "ಮಿರರ್‌ಲೆಸ್" ಎಂಬ ದೊಡ್ಡ ಹೆಸರಿನ ಗುಟ್ಟು. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದ ಹೊಟ್ಟೆಯಲ್ಲಿ ಒಂದು ಕನ್ನಡಿ ಇರುತ್ತಿತ್ತು. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಿಮ್ಮ ಕಣ್ಣಿಗೆ ತೋರಿಸುತ್ತಿತ್ತು. ಬಟನ್ ಒತ್ತಿದಾಗ ಟಪ್ಪನೆ ಮೇಲೆದ್ದು ಬೆಳಕಿಗೆ ದಾರಿ ಬಿಡುತ್ತಿತ್ತು. ಆ ಕನ್ನಡಿಯನ್ನು ಕಿತ್ತುಹಾಕಿ, ಸೆನ್ಸರ್ ಕಂಡಿದ್ದನ್ನೇ ನೇರವಾಗಿ ಸಣ್ಣ ಪರದೆಯ ಮೇಲೆ ತೋರಿಸಿದರೆ ಅದೇ ಮಿರರ್‌ಲೆಸ್. ಹಗುರ, ಸದ್ದು ಕಡಿಮೆ, ಕಣ್ಣಿನ ಮೇಲೆ ಫೋಕಸ್ ತಾನೇ ಹಿಡಿಯುತ್ತದೆ. ಒಳ್ಳೆಯದೇ. ಆದರೆ ಒಂದು ಎಚ್ಚರಿಕೆ: ಕನ್ನಡಿ ಇಲ್ಲವಾದ್ದರಿಂದ ಲೆನ್ಸ್ ಬಿಚ್ಚಿದ ಕೂಡಲೇ ಸೆನ್ಸರ್ ಬಯಲಿಗೆ ಬೀಳುತ್ತದೆ. ಕಪ್ಪತಗುಡ್ಡದ ಕಡೆಯ ಗಾಳಿ, ನಮ್ಮ ಎರೆಹೊಲದ ಧೂಳು ನಿಮಗೆ ಗೊತ್ತೇ ಇದೆ. ಗಾಳಿಗೆ ಬೆನ್ನು ಕೊಟ್ಟು ಲೆನ್ಸ್ ಬದಲಿಸಿ.

ಹುಡುಗರು ಹೆಚ್ಚಾಗಿ ಹೆಸರಿಸುವುದು ಎರಡು ಕ್ಯಾಮೆರಾ. ಒಂದು 2022ರಲ್ಲಿ ಬಂದ ನಿಕಾನ್ ಝಡ್30. ಇನ್ನೊಂದು 2023ರಲ್ಲಿ ಬಂದ ಕ್ಯಾನನ್ ಆರ್50. ಎರಡೂ ಕೆಳಗಿನ ಮೆಟ್ಟಿಲಿನವು, ಎರಡರ ಸೆನ್ಸರೂ ಎಪಿಎಸ್-ಸಿ ಅಳತೆಯದು, ಎರಡರ ಪರದೆಯೂ ಪಕ್ಕಕ್ಕೆ ತೆರೆದು ತಿರುಗುತ್ತದೆ. ಬ್ಯಾಟರಿ, ಕಾರ್ಡ್ ಸೇರಿ ಒಂದು 405 ಗ್ರಾಂ, ಇನ್ನೊಂದು 375 ಗ್ರಾಂ. ಮೂವತ್ತು ಗ್ರಾಂ ವ್ಯತ್ಯಾಸಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಲೆ ಕೆಡಿಸುವುದು ಮೆಗಾಪಿಕ್ಸೆಲ್! ಕ್ಯಾನನ್ 24.2, ನಿಕಾನ್ 20.9. "ಅಣ್ಣಾರ, ಮೂರು ಮೆಗಾಪಿಕ್ಸೆಲ್ ಕಡಿಮಿ ಐತಿ" ಎಂದು ನಿಕಾನನ್ನು ಪಕ್ಕಕ್ಕೆ ಸರಿಸುವವರನ್ನು ಕಂಡಿದ್ದೇನೆ. ಸ್ವಾಮೀ, ಈ ಲೆಕ್ಕವನ್ನು ಪ್ರೆಸ್ಸಿನವನ ಹತ್ತಿರ ಕೇಳಿ. ಒಳ್ಳೆಯ ಆರ್ಟ್ ಪೇಪರ್ ಮೇಲೆ ಆಫ್‌ಸೆಟ್ ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಸಾಕು. ಕ್ಯಾನನ್ ಫೋಟೋ 6000 ಅಗಲ, 4000 ಎತ್ತರ; 300ರಿಂದ ಭಾಗಿಸಿದರೆ 20 ಇಂಚು ಅಗಲ, 13 ಇಂಚಿಗಿಂತ ತುಸು ಹೆಚ್ಚು ಎತ್ತರ. ನಿಕಾನ್ ಫೋಟೋ 5568 ಅಗಲ, 3712 ಎತ್ತರ. ಅಂದರೆ ಹದಿನೆಂಟೂವರೆ ಇಂಚು ಅಗಲ, 12 ಇಂಚು ದಾಟಿದ ಎತ್ತರ. ನಮ್ಮ ಲಗ್ನದ ಆಲ್ಬಮ್ಮಿನ ಹಾಳೆ ಬಿಚ್ಚಿದರೆ 12x36, ಒಂದು ಪುಟ 12x18. ಆ ಪುಟಕ್ಕೆ ಬೇಕಾದ್ದು 3600ಕ್ಕೆ 5400. ಎರಡೂ ಸಾಲುತ್ತವೆ! ಎರಡೂ ಪುಟ ತುಂಬ ಒಂದೇ ಫೋಟೋ ಹಾಕುತ್ತೇನೆ ಎಂದರೆ 10800 ಬೇಕು, ಎರಡೂ ಸಾಲವು. ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯಂಥ ನ್ಯೂಸ್‌ಪ್ರಿಂಟಿಗಂತೂ ಇಂಚಿಗೆ 200 ಚುಕ್ಕಿಯೇ ಧಾರಾಳ. ಟ್ರೆಡಲ್ ಯಂತ್ರದ ಕಾಲದಲ್ಲಿ ಸತುವಿನ ಬ್ಲಾಕ್ ಮಾಡಿಸಿ ಫೋಟೋ ಅಚ್ಚು ಹಾಕುತ್ತಿದ್ದಾಗ ಚುಕ್ಕಿಗಳನ್ನು ಬರಿಗಣ್ಣಿನಿಂದ ಎಣಿಸಬಹುದಿತ್ತು. ಆದರೂ ಮುಖ ಯಾರದೆಂದು ತಿಳಿಯುತ್ತಿತ್ತು. ಮೂರು ಮೆಗಾಪಿಕ್ಸೆಲ್ಲಿನ ಆಸೆಗೆ ರೊಕ್ಕ ಸುರಿಯಬೇಡಿ.

ನಿಜವಾದ ವ್ಯತ್ಯಾಸ ಎಲ್ಲಿದೆ? ಬಿಸಿಲಿನಲ್ಲಿ ಇದೆ. ಝಡ್30ಗೆ ವ್ಯೂಫೈಂಡರ್ ಇಲ್ಲ. ಕಣ್ಣು ಇಟ್ಟು ನೋಡುವ ಗೂಡೇ ಇಲ್ಲ, ಹಿಂದಿನ ಪರದೆಯೊಂದೇ ಗತಿ. ನಮ್ಮ ಲಗ್ನಗಳು ಮಾಗಿಯ ತಂಪಿನಲ್ಲಿ ಆಗುತ್ತವೆಯೇ? ಏಪ್ರಿಲ್, ಮೇ ತಿಂಗಳ ನಡುಹಗಲಲ್ಲಿ, ಮನೆಮುಂದಿನ ಹಂದರದ ಹೊರಗೆ, ಮೆರವಣಿಗೆಯಲ್ಲಿ ಆಗುತ್ತವೆ. ಆ ಬೆಳಕಿನಲ್ಲಿ ಪರದೆಯ ಮೇಲೆ ಕಾಣುವುದು ಮದುಮಗನಲ್ಲ, ನಿಮ್ಮದೇ ಮುಖದ ನೆರಳು! ಆರ್50ರಲ್ಲಿ ವ್ಯೂಫೈಂಡರ್ ಇದೆ. ಕಣ್ಣಿಗೆ ಒತ್ತಿ ಹಿಡಿದರೆ ಕೈ ಅಲುಗುವುದೂ ಕಡಿಮೆಯಾಗುತ್ತದೆ. ಎರಡರಲ್ಲೂ ಕ್ಯಾಮೆರಾದ ಒಳಗೆ ಅಲುಗು ತಡೆಯುವ ವ್ಯವಸ್ಥೆ ಇಲ್ಲ, ಅದು ಇರುವುದು ಲೆನ್ಸಿನಲ್ಲಿ ಮಾತ್ರ. ಆದ್ದರಿಂದ ಇದು ಸಣ್ಣ ಮಾತಲ್ಲ. ನನ್ನ ಮಟ್ಟಿಗೆ ಫೋಟೋ ತೆಗೆಯುವವನಿಗೆ ಕ್ಯಾನನ್ ಎನ್ನಲು ಈ ಒಂದು ಕಾರಣವೇ ಮುಕ್ಕಾಲು ಪಾಲು.

ಹಾಗಂತ ಕ್ಯಾನನ್ ಕಂಪನಿಯವರೇನು ಧರ್ಮಕ್ಕೆ ಕೊಡುತ್ತಿಲ್ಲ. ಅವರು ಬೇರೆ ಕಡೆ ಕತ್ತರಿ ಹಾಕಿದ್ದಾರೆ, ಅದು ಅಂಗಡಿಯಲ್ಲಿ ಯಾರಿಗೂ ಕಾಣುವುದಿಲ್ಲ. ಕ್ಯಾಮೆರಾದ ನೆತ್ತಿಯ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ ಇದೆಯಲ್ಲ, ಹಾಟ್ ಶೂ? ಎಷ್ಟೋ ವರ್ಷಗಳಿಂದ ಅದರ ನಡುವೆ ಒಂದು ಲೋಹದ ಚುಕ್ಕಿ ಇರುತ್ತದೆ. ಯಾವ ಅಗ್ಗದ ಫ್ಲ್ಯಾಶ್ ಸಿಕ್ಕಿಸಿದರೂ ಕನಿಷ್ಠ ಮಿಂಚುತ್ತದೆ. ಆರ್50ರಲ್ಲಿ ಆ ಹಳೆಯ ಸಂಪರ್ಕಗಳು ಇಲ್ಲ! ಹೊಸ ನಮೂನೆಯ ಶೂ ಕೂಡಿಸಿದ್ದಾರೆ. ಹಳೆಯ ಫ್ಲ್ಯಾಶ್ ಬಳಸಬೇಕೆಂದರೆ ಎಡಿ-ಇ1 ಎಂಬ ನಡುವಿನ ಜೋಡಣೆಯನ್ನು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು. ಸ್ಟುಡಿಯೋದವರ ಹತ್ತಿರ ಹಳೆಯ ಫ್ಲ್ಯಾಶ್ ಸೆಕೆಂಡ್ ಹ್ಯಾಂಡ್ ಕೊಂಡು, ಹೊಸ ಕ್ಯಾಮೆರಾಕ್ಕೆ ಸಿಕ್ಕಿಸಿ, ಮಿಂಚದಿದ್ದಾಗ "ಕ್ಯಾಮೆರಾ ಕೆಟ್ಟೈತಿ" ಎಂದು ಗಾಬರಿಯಾಗಿ ಓಡಿಬಂದ ಹುಡುಗ ಒಬ್ಬನಲ್ಲ. ಝಡ್30ರಲ್ಲಿ ಹಳೆಯ ಪದ್ಧತಿಯ ಶೂ ಇದೆ. ಆದರೆ ಕ್ಯಾಮೆರಾದೊಳಗೇ ಇರುವ ಫ್ಲ್ಯಾಶ್ ಇಲ್ಲ. ಆರ್50ರಲ್ಲಿ ಒಳಗಿನ ಸಣ್ಣ ಫ್ಲ್ಯಾಶ್ ಇದೆ, ಅದು ಕಲ್ಯಾಣ ಮಂಟಪದಲ್ಲಿ ಚಿಮಣಿ ದೀಪಕ್ಕೆ ಸಮ. ಎದುರಿಗಿನವರ ಮುಖ ಬೆಳ್ಳಗೆ ಸುಟ್ಟು, ಹಿಂದಿನವರು ಕತ್ತಲೆಗೆ ಹೋಗುತ್ತಾರೆ. ಮಂಟಪದಲ್ಲಿ ಬೇಕಾದ್ದು ತಲೆ ತಿರುಗಿಸಿ ಸುಣ್ಣದ ಮಾಳಿಗೆಗೆ ಬೆಳಕು ಹೊಡೆದು ಕೆಳಗೆ ಇಳಿಸುವ ದೊಡ್ಡ ಫ್ಲ್ಯಾಶ್. ಅಕ್ಕಿಕಾಳು ಬೀಳುವ ಗಳಿಗೆ ಎರಡು ಸಲ ಬರುವುದಿಲ್ಲ! ಆದ್ದರಿಂದ ಕ್ಯಾನನ್ ಕೊಳ್ಳುವವರು ಆ ಜೋಡಣೆಯ ದುಡ್ಡನ್ನೂ, ಫ್ಲ್ಯಾಶಿನ ದುಡ್ಡನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ವಿಡಿಯೋ ಮಾಡುವವರಿಗೆ ನನ್ನ ಮಾತು ತಿರುವುಮುರುವು. ಆರ್50 ಒಂದು ತುಣುಕನ್ನು ಒಂದು ತಾಸಿಗೆ ನಿಲ್ಲಿಸಿಬಿಡುತ್ತದೆ. ಝಡ್30 ಫುಲ್ ಎಚ್‌ಡಿಯಲ್ಲಿ ಎರಡು ತಾಸಿನವರೆಗೂ ಎಳೆಯುತ್ತದೆ, ಬ್ಯಾಟರಿಗೆ ಹೊರಗಿನ ಕರೆಂಟು ಇರಬೇಕು ಅಷ್ಟೇ. ಚಿತ್ರೀಕರಣ ನಡೆದಿದೆ ಎಂದು ತೋರಿಸಲು ಮುಂದೆ ಕೆಂಪು ದೀಪವೂ ಉಂಟು. ಊರ ನಾಟಕ, ದೊಡ್ಡಾಟ, ಮಠದ ಪ್ರವಚನ ಹಿಡಿಯುವವರು ಝಡ್30 ಕಡೆ ಹೋಗಬಹುದು. ಮೈಕ್ ಸಿಕ್ಕಿಸುವ ತೂತು ಎರಡರಲ್ಲೂ ಇದೆ.

ಇನ್ನು ಲೆನ್ಸ್. ಪೆಟ್ಟಿಗೆಯೊಂದಿಗೆ ಬರುವ ಲೆನ್ಸ್ ಕ್ಯಾನನ್‌ದು 18-45, ನಿಕಾನ್‌ದು 16-50. ಇಲ್ಲಿ ನಿಕಾನ್ ಮೇಲು. ಹಳ್ಳಿಯ ಮನೆಯ ಪಡಸಾಲೆಯಲ್ಲಿ ಇಪ್ಪತ್ತು ಜನರ ಮನೆತನದ ಫೋಟೋ ತೆಗೆಯುವಾಗ ಬೆನ್ನು ಗೋಡೆಗೆ ತಾಗುತ್ತದೆ, ಹಿಂದೆ ಸರಿಯಲು ಜಾಗವಿರುವುದಿಲ್ಲ. ಹಳೆಯ ರೀಲು ಕ್ಯಾಮೆರಾದ ಲೆಕ್ಕದಲ್ಲಿ ನಿಕಾನ್ 24ರಷ್ಟು ಅಗಲ ನೋಡುತ್ತದೆ, ಕ್ಯಾನನ್ 29ರಷ್ಟು. ತುದಿಯಲ್ಲಿ ನಿಂತ ಸೋದರಮಾವ ಫೋಟೋದೊಳಗೆ ಬರುವುದೂ ಬಾರದಿರುವುದೂ ಇಷ್ಟರಲ್ಲೇ ಇದೆ! ಆದರೆ ಎರಡೂ ಲೆನ್ಸುಗಳ ಕಣ್ಣು ಸಣ್ಣದು, ಕತ್ತಲಲ್ಲಿ ಸೋಲುತ್ತವೆ. ನನ್ನನ್ನು ಕೇಳಿದರೆ, ಎರಡು ಜೂಮ್ ಲೆನ್ಸಿನ ಪೆಟ್ಟಿಗೆಗೆ ಮರುಳಾಗುವ ಬದಲು ಒಂದೇ ಕಿಟ್ ಲೆನ್ಸ್ ಕೊಂಡು, ಉಳಿದ ದುಡ್ಡಿಗೆ ಕ್ಯಾನನ್ ಆದರೆ 50 ಎಫ್1.8, ನಿಕಾನ್ ಆದರೆ 40 ಎಫ್2 ತೆಗೆದುಕೊಳ್ಳಿ. ಎಫ್6.3ಕ್ಕಿಂತ ಎಫ್1.8 ಹನ್ನೆರಡು ಪಟ್ಟು ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಲಕ್ಕುಂಡಿಯ ಬ್ರಹ್ಮ ಜಿನಾಲಯದ ಒಳಗೆ ನಿಂತು ನೋಡಿ, ಆ ಹನ್ನೆರಡು ಪಟ್ಟು ಏನೆಂದು ತಿಳಿಯುತ್ತದೆ. ಅಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಕೈಯಲ್ಲೇ ಹಿಡಿದು ತೆಗೆಯಬೇಕು. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಹಿಂದೆ ಬಿದ್ದವರಿಗೆ ಮಾತ್ರ ಉದ್ದ ಲೆನ್ಸ್ ಬೇಕು. ಅದರಿಂದ ಹೊಟ್ಟೆ ತುಂಬದು.

ಅಣ್ಣನದೋ ಮಾವನದೋ ಹಳೆಯ ಲೆನ್ಸ್ ಮನೆಯಲ್ಲಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಕ್ಯಾನನ್‌ನ ಹಳೆಯ ಇಎಫ್, ಇಎಫ್-ಎಸ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಆರ್50ರ ಮೇಲೆ ಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸುಗಳು ಅಡಾಪ್ಟರ್ ಮೇಲೆ ಕೂಡುತ್ತವೆ, ಆದರೆ ಫೋಕಸ್ ಕೈಯಿಂದಲೇ ತಿರುವಬೇಕು. 200ಡಿ ಕ್ಯಾಮೆರಾ ಇದ್ದವರ ಬ್ಯಾಟರಿ ಆರ್50ಕ್ಕೂ ಆಗುತ್ತದೆ. ಇದು ಕೂಡ ಉಳಿತಾಯವೇ.

ಈಗ ತಲೆಬರಹದ ಎರಡನೆಯ ಮಾತಿಗೆ ಬರುತ್ತೇನೆ. ಕ್ಯಾಮೆರಾದ ಮೆನು ತೆರೆದು ಭಾಷೆಗಳ ಪಟ್ಟಿ ನೋಡಿದ್ದೀರಾ? ಎರಡರಲ್ಲೂ ಕನ್ನಡ ಇಲ್ಲ. ಕ್ಯಾನನ್‌ನವರಿಗೆ ಭಾರತ ಎಂದರೆ ಹಿಂದಿ, ಮುಗಿಯಿತು! ನಿಕಾನ್‌ನವರ ಕಥೆ ಇನ್ನೂ ಉರಿಸುವಂಥದ್ದು. 2013ರಲ್ಲಿ ಬಂದ ಅವರ ಡಿ5300 ಕ್ಯಾಮೆರಾದ ಪಟ್ಟಿಯಲ್ಲಿ ಹಿಂದಿ, ಬಂಗಾಳಿ, ಮರಾಠಿ, ತಮಿಳು, ತೆಲುಗು ಇದ್ದವು. ಎಡಕ್ಕೂ ಬಲಕ್ಕೂ ಕೆಳಕ್ಕೂ ನೆರೆಯವರು ಕೂತಿದ್ದಾರೆ, ನಡುವಿನ ಕನ್ನಡ ಮಾತ್ರ ಕಾಣಲಿಲ್ಲ! ಡ್ಯಾನಿಶ್ ಭಾಷೆಯನ್ನು ಆಡುವವರು ಅರವತ್ತು ಲಕ್ಷದ ಆಸುಪಾಸು; ಅವರಿಗೆ ಮೆನು ಇದೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದವರು 4.37 ಕೋಟಿ, ನಮಗೆ ಇಲ್ಲ. ನಾವು ಕೊಡುವ ರೊಕ್ಕ ಮಾತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲಿದೆಯೇ? ಫೋಟೋದ ಒಡೆತನಕ್ಕೆ ನಿಮ್ಮ ಹೆಸರು ಕ್ಯಾಮೆರಾದಲ್ಲೇ ಬರೆದಿಡುವ ಅನುಕೂಲ ಎರಡರಲ್ಲೂ ಇದೆ, ಅದೂ ಇಂಗ್ಲಿಷ್ ಅಕ್ಷರದಲ್ಲೇ.

"ನಮ್ಮ ಹುಡುಗರಿಗೆ ಇಂಗ್ಲಿಷ್ ಮೆನು ರೂಢಿಯಾಗೈತಿ ಬಿಡ್ರಿ" ಎನ್ನುವವರಿದ್ದಾರೆ. ರೂಢಿಯಾಗಿರುವುದು ಹಸಿರು ಆಟೋ ಗುರುತು ಒಂದೇ! ಮೆನು ಓದಲು ಅಂಜಿ ಎರಡೆರಡು ವರ್ಷ ಅದರಲ್ಲೇ ಫೋಟೋ ತೆಗೆದವರ ಫೈಲುಗಳು ನಮ್ಮ ಕಂಪ್ಯೂಟರಿಗೆ ಬರುತ್ತವೆ. ಅರಿಷಿಣ ಹಚ್ಚುವ ಶಾಸ್ತ್ರದಲ್ಲಿ ಮುಖವೆಲ್ಲ ಹಳದಿ ಮುದ್ದೆ, ಕುಂಕುಮದಲ್ಲಿ ಎಳೆಯೇ ಇಲ್ಲ. ಬೆಳಕಿನ ಬಣ್ಣ ಸರಿಪಡಿಸುವ ಜಾಗ ಮೆನುವಿನಲ್ಲಿ ಇದೆ, ಅದನ್ನು ತೆರೆದವರಿಲ್ಲ. "ಸುಟ್ಟೈತಿ", "ಅಲುಗ್ಯಾಡೇತಿ" ಎಂದು ಸ್ಟುಡಿಯೋದಲ್ಲಿ ಚೊಕ್ಕ ಕನ್ನಡದಲ್ಲಿ ತಪ್ಪು ಗುರುತಿಸುವ ಹುಡುಗ, ಅದೇ ತಪ್ಪನ್ನು ತಿದ್ದುವ ಬಟನ್ ಎದುರು ಬಾಯಿ ಕಟ್ಟಿ ನಿಲ್ಲುತ್ತಾನೆ. ಈ ವಿಷಯದಲ್ಲಿ ಎರಡೂ ಕಂಪನಿಗಳು ಸಮ, ಇದರಿಂದ ನಿಮ್ಮ ಆಯ್ಕೆ ಬದಲಾಗಲಾರದು. ಆದರೆ ಕೊಂಡ ಮೇಲೆ ಆ ಕಂಪನಿಗೆ ಒಂದು ಪತ್ರ ಬರೆಯಿರಿ, ಕ್ಯಾಮೆರಾದ ಸೀರಿಯಲ್ ನಂಬರ್ ಹಾಕಿ, ಕನ್ನಡದಲ್ಲಿಯೇ ಬರೆಯಿರಿ. ಗಿರಾಕಿಯ ಪತ್ರಕ್ಕೆ ಇರುವ ತೂಕ ಭಾಷಣಕ್ಕಿಲ್ಲ.

ಅಂಗಡಿಯ ಮಾತೂ ಒಂದಿಷ್ಟು. ಜಿಎಸ್‌ಟಿ ಬಿಲ್ ಇಲ್ಲದೆ, ಭಾರತದ ವಾರಂಟಿ ಇಲ್ಲದೆ "ಎಂಟು ಸಾವಿರ ಕಡಿಮೆ" ಎನ್ನುವವರ ಹತ್ತಿರ ಕೊಳ್ಳಬೇಡಿ. ರಿಪೇರಿಗೆ ಯಾವ ಊರಿಗೆ ಹೋಗಬೇಕು ಎಂದು ಮೊದಲೇ ಕೇಳಿ. ಹುಬ್ಬಳ್ಳಿಯಲ್ಲಿ ಮುಗಿಯುವ ಕೆಲಸ ಬೇರೆ, ಬೆಂಗಳೂರಿಗೆ ಕಳಿಸಿ ಲಗ್ನದ ಹಂಗಾಮಿನಲ್ಲಿ ತಿಂಗಳು ಕಾಯುವುದೇ ಬೇರೆ.

ಮತ್ತು ದಯವಿಟ್ಟು, ಯಾವ ಕ್ಯಾಮೆರಾ ಕೊಂಡರೂ ಅದರ ಫೋಟೋವನ್ನು ವಾಟ್ಸಾಪಿನಲ್ಲಿ ಸುಮ್ಮನೆ ಒತ್ತಿ ನಮಗೆ ಕಳಿಸಬೇಡಿ! 24 ಮೆಗಾಪಿಕ್ಸೆಲ್ಲಿನ 6000 ಚುಕ್ಕಿ ಅಲ್ಲಿ 1600ರ ಆಸುಪಾಸಿಗೆ ಇಳಿಯುತ್ತದೆ, ಒಳ್ಳೆಯ ಹಾಳೆಯ ಮೇಲೆ ಐದು ಇಂಚಿಗಿಂತ ದೊಡ್ಡದು ಮಾಡಿದರೆ ಮುಖ ಮಸಕು. 2023ರಿಂದ ಎಚ್‌ಡಿ ಎಂಬ ಆಯ್ಕೆ ಇದೆ, ಅದೂ ಮೂಲವಲ್ಲ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮಾತ್ರ ಮೂಲ ಫೋಟೋ ಬರುತ್ತದೆ. ವಾಟ್ಸಾಪಿನಲ್ಲಿ ಹಾಕುವುದಕ್ಕಷ್ಟೇ ಫೋಟೋ ಬೇಕಿದ್ದವರು ಎರಡನ್ನೂ ಕೊಳ್ಳಬೇಡಿ, ಕೈಯಲ್ಲಿರುವ ಮೊಬೈಲೇ ಸಾಕು.

ಕೊಳ್ಳುವವರು ಅಂಗಡಿಗೆ ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಎರಡೂ ಕ್ಯಾಮೆರಾದಲ್ಲಿ ಅದೇ ಹಾಕಿ ಅಂಗಡಿಯ ಒಳಗೆ ಹತ್ತು, ಹೊರಗೆ ಬಿಸಿಲಲ್ಲಿ ಹತ್ತು ಫೋಟೋ ತೆಗೆಯಿರಿ. ಕಾರ್ಡ್ ತಂದು ಹತ್ತಿರದ ಯಾವ ಪ್ರೆಸ್ಸಿನಲ್ಲಾದರೂ ಎರಡು ಹಾಳೆ ತೆಗೆಸಿ, ಪಕ್ಕ ಪಕ್ಕ ಇಟ್ಟು ನೋಡಿ. ನಮ್ಮಲ್ಲಿಗೆ ಬಂದರೆ ಹಾಳೆಯ ದುಡ್ಡು ತೆಗೆದುಕೊಳ್ಳುವುದಿಲ್ಲ.