ಪಟ್ಟಿ ಯಾವ ಬದಿಗೆ?

ಸವಣೂರು ಸಮೀಪದ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಯ ಅವಲೋಕನಕ್ಕೆ ಕುಳಿತಿದ್ದೆ. ಒಂಬತ್ತನೆಯ ತರಗತಿ, ಕಾರ್ಯಾನುಭವದ ಅವಧಿ. ರೌಟರ್ ಯಂತ್ರದಿಂದ ಮರದಲ್ಲಿ ಗ್ರೂವ್ ತೆಗೆಯುವಾಗ ವಹಿಸಬೇಕಾದ ಎಚ್ಚರಿಕೆ ಪಾಠದ ವಿಷಯ. ಪ್ರಶಿಕ್ಷಣಾರ್ಥಿಯ ಚಾರ್ಟ್ ಅಂದವಾಗಿತ್ತು. ಕನ್ನಡಕ ಧರಿಸಿ, ಸಡಿಲ ಬಟ್ಟೆ ಬೇಡ, ಬಿಟ್ ಬದಲಿಸುವಾಗ ಪ್ಲಗ್ ತೆಗೆಯಿರಿ, ಹಲಗೆಯನ್ನು ಕ್ಲ್ಯಾಂಪ್ ಹಾಕಿ ಬಿಗಿಯಿರಿ, ಗೈಡ್ ಪಟ್ಟಿ ಬಳಸಿ. ಮಕ್ಕಳು ಎಲ್ಲವನ್ನೂ ಒಕ್ಕೊರಲಿನಿಂದ ಒಪ್ಪಿಸಿದರು. ನಾನು ಅವಲೋಕನ ಪುಸ್ತಕದಲ್ಲಿ ‘ಉತ್ತಮ’ ಎಂದು ಬರೆದೂ ಆಗಿತ್ತು.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. ಅವನ ತಂದೆ ಆಚಾರಿ. ಹಲಸು, ಹೆಬ್ಬಲಸಿನ ದಾರಂದ, ಕಿಟಕಿ ಮಾಡುವವರು. “ಟೀಚರ್, ಪಟ್ಟಿ ಯಾವ ಬದಿಗೆ ಇಡುದು?”

ಆಕೆ ಚಾರ್ಟ್ ನೋಡಿದರು, ನನ್ನನ್ನು ನೋಡಿದರು. ನನಗೂ ಗೊತ್ತಿರಲಿಲ್ಲ.

ಆ ಸಂಜೆ ಮರದ ಕೆಲಸದವರೊಬ್ಬರಲ್ಲಿ ಹೋಗಿ ಕೇಳಿ ತಿಳಿದೆ. ಕೈಯಲ್ಲಿ ಹಿಡಿಯುವ ರೌಟರಿನ ಬಿಟ್, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಯಂತ್ರವನ್ನು ನಮ್ಮಿಂದ ಮುಂದಕ್ಕೆ ತಳ್ಳಿದಾಗ ಬಿಟ್ಟಿನ ಮುಂಭಾಗ ಮರವನ್ನು ಬಲಕ್ಕೆ ಕೊರೆಯುತ್ತದೆ, ಮರ ಅದನ್ನು ಎಡಕ್ಕೆ ನೂಕುತ್ತದೆ. ಹಾಗಾಗಿ ಪಟ್ಟಿ ಎಡಬದಿಗಿರಬೇಕು. ಆಗ ಯಂತ್ರ ತಾನಾಗಿಯೇ ಪಟ್ಟಿಗೆ ಒತ್ತಿಕೊಂಡು ಸಾಗುತ್ತದೆ. ಬಲಕ್ಕಿಟ್ಟರೆ ಗ್ರೂವ್ ಸೊಟ್ಟಗಾಗುವುದು ಹಾಗಿರಲಿ, ಯಂತ್ರವೇ ಕೈ ತಪ್ಪಬಹುದು. ಚಿಕ್ಕ ಟ್ರಿಮ್ಮರುಗಳು ನಿಮಿಷಕ್ಕೆ 30,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತವೆ, ಅಂದರೆ ಸೆಕೆಂಡಿಗೆ 500. ಅಲ್ಲಿ ‘ಜಾಗ್ರತೆ’ ಎಂಬ ಪದ ಯಾರ ಬೆರಳನ್ನೂ ಕಾಯುವುದಿಲ್ಲ.

ಆಳದ ವಿಷಯವೂ ಹಾಗೆಯೇ. 12 ಮಿಲಿಮೀಟರ್ ಆಳವನ್ನು ಒಂದೇ ಸಲಕ್ಕೆ ತೆಗೆಯಹೊರಟರೆ ಬಿಟ್ ಸುಟ್ಟು ಕರಗಾಗುತ್ತದೆ, ಯಂತ್ರ ಅದುರುತ್ತದೆ. 3 ಮಿಲಿಮೀಟರಿನಂತೆ ನಾಲ್ಕು ಸಲ ತೆಗೆಯಬೇಕು. ನಮ್ಮ ಚಾರ್ಟಿನಲ್ಲಿ ಇದ್ದದ್ದು ‘ಹೆಚ್ಚು ಆಳ ಬೇಡ’ ಎಂದು. ಹೆಚ್ಚು ಎಂದರೆ ಎಷ್ಟು?

ಶಾಲೆಯಲ್ಲಿ ರೌಟರ್ ಏಕೆ ಎಂದು ನಮ್ಮ ಸಹೋದ್ಯೋಗಿಗಳೇ ಕೇಳುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಮರಗೆಲಸದಂಥ ಕಸುಬುಗಳ ಪರಿಚಯವಾಗಬೇಕೆಂದಿತು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ಶಿಕ್ಷಣಕ್ಕೂ ಕೈಕಸುಬೇ ಬುಡ. ನೀತಿಗಳ ಮಾತು ಬಿಡಿ. ನಮ್ಮ ಮಕ್ಕಳಲ್ಲಿ ಕೆಲವರು ಹತ್ತನೆಯದು ಮುಗಿಸಿ ಐಟಿಐಗೆ ಹೋಗುತ್ತಾರೆ, ಕೆಲವರು ರಜೆಯಲ್ಲೇ ಅಪ್ಪನ ಜೊತೆ ಯಂತ್ರ ಹಿಡಿಯುತ್ತಾರೆ. ನಾವು ಕಲಿಸದಿದ್ದರೂ ಅವರು ಹಿಡಿಯುತ್ತಾರೆ.

ಮಕ್ಕಳ ಕೈಗೆ ತಿರುಗುವ ಯಂತ್ರ ಕೊಡಬೇಕೆಂದು ನಾನು ಹೇಳುತ್ತಿಲ್ಲ, ಖಂಡಿತ ಕೊಡಬಾರದು. ಇದಕ್ಕೆ ಒಂದು ಡಬ್ಬಿಯ ಮುಚ್ಚಳ ಸಾಕು. ಮೇಜಿನ ಮೇಲೆ ಮುಚ್ಚಳವನ್ನು ಮಲಗಿಸಿ, ಎದುರಿಗಿರುವ ದಪ್ಪ ಪುಸ್ತಕದ ಅಂಚಿಗೆ ಒತ್ತಿ ಹಿಡಿದು ಗಡಿಯಾರದ ದಿಕ್ಕಿಗೆ ತಿರುಗಿಸಿ: ಅದು ಎಡಕ್ಕೆ ಉರುಳುತ್ತದೆ. ಮಗು ಇದನ್ನು ಒಮ್ಮೆ ಬೆರಳಿನಲ್ಲಿ ಅನುಭವಿಸಿದರೆ ಪಟ್ಟಿ ಎಲ್ಲಿರಬೇಕೆಂದು ತಾನೇ ಹೇಳುತ್ತದೆ. ಆಮೇಲೆ ಪ್ಲಗ್ ತೆಗೆದ ಯಂತ್ರವನ್ನು ಹಲಗೆಯ ಮೇಲೆ ಸರಿಸಿ ತೋರಿಸಬಹುದು.

ಇದಕ್ಕಾಗಿ ಪ್ರಶಿಕ್ಷಣಾರ್ಥಿ ಪಾಠ ಯೋಜನೆ ಬರೆಯುವ ಮೊದಲು ಅರ್ಧ ದಿನ ಆಚಾರಿಯ ಬಳಿ ಕಳೆಯಬೇಕು. ಮೇಲ್ವಿಚಾರಕರೂ ಹೋಗಬೇಕು. ನಮ್ಮ ಮೌಲ್ಯಮಾಪನ ಪತ್ರದಲ್ಲಿ ಕಪ್ಪುಹಲಗೆ ಕೌಶಲಕ್ಕೆ, ಪಾಠದ ಪೀಠಿಕೆಗೆ ಅಂಕಣಗಳಿವೆ; ಮಗು ಕೇಳಿದ ‘ಏಕೆ’ಗೆ ಉತ್ತರ ಸಿಕ್ಕಿತೇ ಎಂಬುದಕ್ಕೆ ಇಲ್ಲ. ಅದು ಸೇರಲಿ.

ಆಕೆ ಮರುವಾರ ಅದೇ ತರಗತಿಗೆ ಮುಚ್ಚಳ ಹಿಡಿದು ಹೋದರು. ನಾನು ‘ಉತ್ತಮ’ ಎಂಬುದನ್ನು ಹೊಡೆದುಹಾಕಿ, ಆ ಹುಡುಗನ ಪ್ರಶ್ನೆಯನ್ನು ಅಲ್ಲಿ ಬರೆದಿಟ್ಟಿದ್ದೇನೆ.