ಇಪ್ಪತ್ತೊಂದರಲ್ಲಿ ಇಲ್ಲದವರು

"ಎರಡು ಬಿಗೀರಿ, ಸರಿಹೋಗ್ತಾನೆ" ಎಂದರು ಮಗನ ಹೆಡ್‌ಮಾಸ್ತರರು. "ತಾಯಿ ಸಲುಗೆ ಜಾಸ್ತಿಯಾಯ್ತು" ಎಂದರು ನಮ್ಮತ್ತೆ. ಡಾಕ್ಟರು ಎಡಿಎಚ್‌ಡಿ ಎಂದಾಗ ನನಗೆ ದುಃಖಕ್ಕಿಂತ ಸಮಾಧಾನವೇ ಹೆಚ್ಚಾಯಿತು. ಪಕ್ಕದಲ್ಲಿದ್ದ ನಮ್ಮವರು ಪ್ರಶ್ನಾವಳಿ ಓದುತ್ತಾ ಓದುತ್ತಾ ಮೆತ್ತಗಾಗಿ, "ಇದು ನಂದೇ ಕಥೆ ಕಣೇ" ಎಂದರು. ಮೂರು ಕೆಲಸ ಬಿಟ್ಟವರು, ದಿನಾ ಬೀಗದ ಕೈ ಹುಡುಕುವವರು. ಬೇಜವಾಬ್ದಾರಿ ಮನುಷ್ಯ ಎಂದು ಹದಿನೈದು ವರ್ಷ ಬೈದವಳು ನಾನೇ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿಯಿದೆ. ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿ ಇಲ್ಲ. ಯಾಕಿಲ್ಲ ಸ್ವಾಮಿ? ಸರ್ಕಾರವನ್ನು ಬೈಯುವುದು ಸುಲಭ. ಆಟಿಸಂ ಮಕ್ಕಳ ತಾಯಂದಿರು ನಾಚಿಕೆ ಬಿಟ್ಟು ಕಚೇರಿಗಳ ಮೆಟ್ಟಿಲು ಸವೆಸಿದರು. ಅಮೆರಿಕದ ಫ್ಲಾರಿಡಾದಲ್ಲಿ 1987ರಲ್ಲೇ ನಮ್ಮಂಥ ತಂದೆತಾಯಿಯರು ಸೇರಿ 'ಚಾಡ್' ಎಂಬ ಸಂಘ ಕಟ್ಟಿದರು. ಮುಂದೆ ಅದರಲ್ಲಿ ದೊಡ್ಡವರಿಗೂ ಜಾಗವಾಯಿತು. ನಾವೋ, ನೆಂಟರು ಬಂದರೆ ಮಾತ್ರೆ ಚೀಟಿಯನ್ನು ದೇವರ ಪಟದ ಹಿಂದೆ ತುರುಕುತ್ತೇವೆ. ಬಚ್ಚಿಟ್ಟದ್ದನ್ನು ಯಾವ ಮಂತ್ರಿ ಪಟ್ಟಿಗೆ ಸೇರಿಸಬೇಕು?

ತಿಂಗಳ ಮೊದಲ ಭಾನುವಾರ ನಮ್ಮ ಪಡಸಾಲೆಯಲ್ಲಿ ಜಮಖಾನೆ ಹಾಸಿರುತ್ತೇನೆ. ಬನ್ನಿ. ಮಕ್ಕಳನ್ನೂ ಕರೆತನ್ನಿ, ಒಡೆಯುವಂಥದ್ದು ನಮ್ಮನೆಯಲ್ಲಿ ಏನೂ ಉಳಿದಿಲ್ಲ.